ಸಣ್ಣ ಕಂಪ್ರೆಸರ್‌ಗೆ ಗಾಳಿ ಟ್ಯಾಂಕ್: ಲೆಕ್ಕ, ಜೋಡಣೆ, ನಾನು ಕೆಡಿಸಿಕೊಂಡದ್ದು

"ಟ್ಯಾಂಕ್ ಕೂಡಿಸಿದ್ರ ಪ್ರೆಶರ್ ಜಾಸ್ತಿ ಬರ್ತೈತೇನ್ ಅಣ್ಣಾ?" ನಮ್ಮ ಜೊತೆ ಹೊಸದಾಗಿ ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪುಟ್ಟ ಗನ್) ಹಿಡಿದ ಹುಡುಗ ಕಳೆದ ವಾರ ಕೇಳಿದ ಪ್ರಶ್ನೆ ಇದು. ಮೊದಲ ವರ್ಷ ನಾನೂ ಹಾಗೇ ತಿಳಿದಿದ್ದೆ. ಬರುವುದಿಲ್ಲ. ಟ್ಯಾಂಕು ಒಂದು ಹನಿ ಗಾಳಿಯನ್ನೂ ಹೆಚ್ಚಿಗೆ ಹುಟ್ಟಿಸುವುದಿಲ್ಲ. ಅದು ಮೋಟರಿಗೆ ವಿಶ್ರಾಂತಿ ಕೊಡುತ್ತದೆ, ಗೆರೆಗೆ ಸಮತೂಕ ಕೊಡುತ್ತದೆ, ಅಷ್ಟೇ. ಆದರೆ ಆ "ಅಷ್ಟೇ"ಗಾಗಿಯೇ ಅರ್ಧ ತಿಂಗಳು ತಲೆ ಕೆಡಿಸಿಕೊಂಡೆ. ಆಗ ಬರೆದಿಟ್ಟ ಟಿಪ್ಪಣಿಯನ್ನು ತಿದ್ದಿ ಇಲ್ಲಿ ಇಡುತ್ತಿದ್ದೇನೆ.

ಕೊಪ್ಪಳದಲ್ಲಿ ಬೈಕಿನ ಟ್ಯಾಂಕ್, ಹೆಲ್ಮೆಟ್, ಅಂಗಡಿ ಬೋರ್ಡಿಗೆ ಬಣ್ಣ ಹೊಡೆಯುವ ನಾವು ನಾಲ್ಕು ಜನರ ಹತ್ತಿರ ಇರುವುದು ಒಂದೇ ಜಾತಿಯ ಯಂತ್ರ. ಎಣ್ಣೆ ಬೇಡದ ಒಂಟಿ ಪಿಸ್ಟನ್, ಕೈಯಲ್ಲಿ ಎತ್ತಿಕೊಂಡು ಹೋಗುವಷ್ಟು ತೂಕ. ಮೈಮೇಲೆ ಅಂಟಿಸಿದ ಚೀಟಿಯಲ್ಲಿ ನಿಮಿಷಕ್ಕೆ 20 ಲೀಟರ್, 4 ಬಾರ್‌ಗೆ ಬಂದ್, 3 ಬಾರ್‌ಗೆ ಚಾಲೂ ಎಂದಿದೆ. (ಬಾರ್ ಎಂಬುದು ಒತ್ತಡದ ಅಳತೆ. 1 ಬಾರ್ ಎಂದರೆ, ಟೈರಿಗೆ ಗಾಳಿ ಹಾಕಿಸುವಾಗ ಹೇಳುವ ಲೆಕ್ಕದಲ್ಲಿ, 14.5 ಪಿಎಸ್‌ಐ. ನಾವು ಬಣ್ಣ ಹೊಡೆಯುವುದು ಒಂದೂವರೆ ಬಾರ್ ಆಸುಪಾಸಿನಲ್ಲಿ.) ಕಟ್ಟಿಗೆಯ ಗೊಂಬೆಗಳಿಗೆ ಬಣ್ಣ ಬರೆಯುವ ಕಿನ್ನಾಳದ ಚಿತ್ರಗಾರರ ಕುಂಚಕ್ಕೆ ಇದ್ಯಾವುದರ ಗೊಡವೆಯೂ ಇಲ್ಲ, ಲೆಕ್ಕ ಮಾಡುವಾಗ ಅವರನ್ನು ನೆನೆದು ಎಷ್ಟೋ ಸಲ ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ಟ್ಯಾಂಕ್ ಇಲ್ಲದಾಗ ಆಗುವುದೇನು

ಒಂದು ಸೂತ್ರವನ್ನು ಬಾಯಿಪಾಠ ಮಾಡಿಕೊಳ್ಳಿ: ಪಾತ್ರೆಯ ಒತ್ತಡ 1 ಬಾರ್ ಇಳಿದರೆ, ಆ ಪಾತ್ರೆಯ ಗಾತ್ರದಷ್ಟೇ ಹೊರಗಾಳಿ ಖರ್ಚಾಗಿದೆ. 1662ರಲ್ಲಿ ಬಾಯ್ಲ್ ಹೇಳಿದ ನಿಯಮದ ನಮ್ಮ ಬಳಕೆಯ ರೂಪ ಇದು. ಮುಂದಿನದೆಲ್ಲ ಇದರಿಂದಲೇ ಬರುತ್ತದೆ.

ಟ್ಯಾಂಕ್ ಇಲ್ಲದ ಯಂತ್ರದಲ್ಲಿ ಗಾಳಿ ಕೂಡಿಕೊಳ್ಳುವ ಜಾಗ ಎಂದರೆ ಪೈಪು ಮಾತ್ರ. ಮೂರು ಮೀಟರ್ ಉದ್ದ, ಒಳತೂತು 4 ಮಿಲಿಮೀಟರ್. ಹಿಡಿಯುವುದು 40 ಮಿಲಿಲೀಟರ್‌ಗೂ ಕಡಿಮೆ. ನನ್ನ ಏರ್‌ಬ್ರಷ್ ನಿಮಿಷಕ್ಕೆ 12 ಲೀಟರ್ ಕುಡಿಯುತ್ತದೆ, ಅಂದರೆ ಸೆಕೆಂಡಿಗೆ 200 ಮಿಲಿಲೀಟರ್. ಟ್ರಿಗರ್ ಒತ್ತಿದ ಸೆಕೆಂಡಿನ ಐದನೇ ಒಂದು ಭಾಗದಲ್ಲಿ 4 ಬಾರ್ 3ಕ್ಕೆ ಇಳಿದು ಮೋಟರ್ ಎದ್ದು ಕೂರುತ್ತದೆ. ಬಿಟ್ಟ ಕೂಡಲೇ ಬಂದ್, ಒತ್ತಿದ ಕೂಡಲೇ ಚಾಲೂ. ಒಂದು ನವಿಲುಗರಿ ಬರೆಯುವಷ್ಟರಲ್ಲಿ ನೂರು ಸಲ. ಸ್ವಿಚ್ಚಿನ ಪಾಯಿಂಟ್ ಸುಡುವುದು ಇದರಿಂದಲೇ.

ಎರಡನೆಯ ತೊಂದರೆ ಕಣ್ಣಿಗೆ ಕಾಣುವಂಥದ್ದು. ಈ ಮೋಟರ್ ನಿಮಿಷಕ್ಕೆ ಸುಮಾರು 1450 ಸುತ್ತು ತಿರುಗುತ್ತದೆ. ಸುತ್ತಿಗೊಂದು ಹೊಡೆತದಂತೆ ಸೆಕೆಂಡಿಗೆ 24 ಹೊಡೆತ. ಹಳೇ ಪೇಪರ್ ಹಾಸಿ, ಗನ್ನನ್ನು ಹತ್ತಿರ ಹಿಡಿದು, ಬೇಗಬೇಗ ಒಂದು ತೆಳು ಗೆರೆ ಎಳೆದು ನೋಡಿ. ದಪ್ಪ, ತೆಳು, ದಪ್ಪ, ತೆಳು, ಪೋಣಿಸಿದ ಮಣಿಗಳ ಹಾಗೆ. ಸ್ಕೇಲ್ ಇಟ್ಟು ಅಳೆದೆ: ಮಣಿಯಿಂದ ಮಣಿಗೆ ಒಂದು ಸೆಂಟಿಮೀಟರ್. ಸೆಕೆಂಡಿಗೆ 24 ಸೆಂಟಿಮೀಟರ್ ವೇಗದಲ್ಲಿ ನನ್ನ ಕೈ ಓಡಿತ್ತು ಎಂದಾಯಿತು. ಅಲ್ಲಿಯವರೆಗೆ ಕೈ ನಡುಗುತ್ತಿದೆ ಎಂದುಕೊಂಡು ಚಹಾ ಬಿಟ್ಟಿದ್ದೆ.

ಎಷ್ಟು ದೊಡ್ಡ ಟ್ಯಾಂಕ್?

ನಮ್ಮ ಕಡೆಯವರಿಗೆ ತುಂಗಭದ್ರಾ ಡ್ಯಾಮಿನ ಲೆಕ್ಕ ಹೇಳಿಕೊಡಬೇಕಿಲ್ಲ. 1633 ಅಡಿ ಭರ್ತಿ ಎಂದರೂ ಅಷ್ಟೂ ನೀರು ಕಾಲುವೆಗೆ ಸಿಗದು. ತಳದ್ದು ಡೆಡ್ ಸ್ಟೋರೇಜ್. ಗಾಳಿ ಟ್ಯಾಂಕಿಗೂ ಅದೇ ಕಥೆ. 10 ಲೀಟರ್ ಟ್ಯಾಂಕಿಗೆ 4 ಬಾರ್ ತುಂಬಿದರೆ ಒಳಗೆ 40 ಲೀಟರ್ ಹೆಚ್ಚುವರಿ ಗಾಳಿ ಕೂತಿರುತ್ತದೆ. ಆದರೆ 3 ಬಾರ್‌ಗೆ ಮೋಟರ್ ಏಳುವುದರಿಂದ ಒಂದು ಸುತ್ತಿಗೆ ನಮಗೆ ಸಿಗುವುದು 10 ಲೀಟರ್ ಮಾತ್ರ. ಕರೆಂಟ್ ಹೋದರೆ ಒಂದೂವರೆ ಬಾರ್‌ವರೆಗೆ ಇಳಿಸಿಕೊಳ್ಳಬಹುದು, ಆಗ 25 ಲೀಟರ್, ಎರಡು ನಿಮಿಷ. ಕೈಯಲ್ಲಿದ್ದ ಗೆರೆ ಮುಗಿಸಿ ಗನ್ ತೊಳೆಯಲು ಸಾಕು.

ಚೀಟಿಯ 20 ಲೀಟರ್ ನಂಬಬೇಡಿ, ನೀವೇ ಅಳೆಯಿರಿ. ಖಾಲಿ ಟ್ಯಾಂಕಿಗೆ ಗಾಳಿ ಬಿಟ್ಟು ಮೊಬೈಲಿನಲ್ಲಿ ಸಮಯ ನೋಡಿದೆ: 0ಯಿಂದ 4 ಬಾರ್‌ಗೆ 2 ನಿಮಿಷ 40 ಸೆಕೆಂಡ್. 40 ಲೀಟರನ್ನು 160 ಸೆಕೆಂಡಿಗೆ ಹಂಚಿದರೆ ನಿಮಿಷಕ್ಕೆ 15. ಎದುರೊತ್ತಡ ಏರಿದಂತೆ ಪಂಪು ಸೋಲುತ್ತದೆ. ಕೊನೆಯ 3ರಿಂದ 4 ಬಾರ್ ಭಾಗದಲ್ಲಿ ನನ್ನದು ಕೊಡುವುದು 13. ಏರ್‌ಬ್ರಷ್ಷಿನ ಖರ್ಚನ್ನೂ ಹೀಗೇ ಅಳೆದದ್ದು: ಮೋಟರ್ ಬಂದ್ ಮಾಡಿ ಒಂದೇ ಸಮ ಊದಿದರೆ 4ರಿಂದ 3ಕ್ಕೆ ಇಳಿಯಲು 50 ಸೆಕೆಂಡ್, ಆದ್ದರಿಂದ 12 ಲೀಟರ್.

ಈಗ ಹುಡುಗನ ಪ್ರಶ್ನೆಗೆ ಪೂರ್ತಿ ಉತ್ತರ. ಟ್ರಿಗರ್ ಬಿಡದೆ ಊದುತ್ತಲೇ ಇದ್ದರೆ ಬರುವುದು 13, ಹೋಗುವುದು 12. ಮೋಟರ್ ಹೆಚ್ಚುಕಮ್ಮಿ ನಿಲ್ಲುವುದೇ ಇಲ್ಲ. ಆದರೆ ಯಾರೂ ಹಾಗೆ ಊದುವುದಿಲ್ಲ. ನೋಡುತ್ತೇವೆ, ಬಣ್ಣ ಬದಲಿಸುತ್ತೇವೆ, ಟೇಪ್ ಹಚ್ಚುತ್ತೇವೆ. ಟ್ರಿಗರ್ ಮೇಲೆ ಬೆರಳು ಇರುವುದು ಮೂರರಲ್ಲೊಂದು ಪಾಲು ಹೊತ್ತು. ಸರಾಸರಿ ಖರ್ಚು 4 ಲೀಟರ್ ಎಂದು ಹಿಡಿದರೆ, ಎರಡೂವರೆ ನಿಮಿಷ ಮೋಟರ್ ಮಲಗುತ್ತದೆ, ಒಂದು ನಿಮಿಷ ಚಿಲ್ಲರೆ ಓಡುತ್ತದೆ. ಬೇಸಿಗೆಯ ಮಧ್ಯಾಹ್ನ ತಗಡಿನ ಶೆಡ್ಡಿನಲ್ಲಿ ಬದುಕಿ ಉಳಿಯಲು ಈ ಯಂತ್ರಕ್ಕೆ ಬೇಕಾದದ್ದು ಇದೇ.

ಹಾಗಾದರೆ 40 ಲೀಟರ್ ಹಾಕಿದರೆ ಇನ್ನೂ ಒಳ್ಳೆಯದಲ್ಲವೇ? ಅಲ್ಲ. ಮೊದಲ ಸಲ ತುಂಬಲು ಹನ್ನೊಂದು ನಿಮಿಷ ಒಂದೇ ಉಸಿರಿಗೆ ಓಡಬೇಕು, ಅಷ್ಟರಲ್ಲಿ ಪಂಪಿನ ತಲೆ ಕಾದ ಹಂಚಾಗಿರುತ್ತದೆ. ಇಂಥ ಪುಟ್ಟ ಪಂಪಿಗೆ 3ರಿಂದ 10 ಲೀಟರ್ ಸಾಕು.

ಟ್ಯಾಂಕ್ ಎಲ್ಲಿಂದ

ಪಿವಿಸಿ ಪೈಪು, ಕೂಲ್‌ಡ್ರಿಂಕ್ ಬಾಟಲಿ, ನೀರಿನ ಫಿಲ್ಟರಿನ ಡಬ್ಬಿ: ಮೂರೂ ಬೇಡ. ಪಿವಿಸಿ ಒಡೆದರೆ ಚೂರುಚೂರಾಗಿ ಹಾರುತ್ತದೆ. ಗ್ಯಾಸ್ ಸಿಲಿಂಡರಿಗೆ ಕೈ ಹಾಕಲೇಬೇಡಿ. ಅದು ಕಂಪನಿಯ ಸೊತ್ತು, ಒಳಗೆ ಉಳಿದ ಗ್ಯಾಸಿಗೆ ಕಿಡಿ ತಾಗಿದರೆ ಮುಗಿಯಿತು. 4 ಬಾರ್ ತಾನೇ ಎನ್ನುವವರಿಗೆ ಒಂದು ಲೆಕ್ಕ: 10 ಲೀಟರ್ ಟ್ಯಾಂಕ್ 4 ಬಾರ್‌ನಲ್ಲಿ ಒಮ್ಮೆಲೇ ಸಿಡಿದರೆ ಹೊರಬರುವ ಶಕ್ತಿ, 50 ಕೆಜಿ ಸಿಮೆಂಟ್ ಚೀಲವನ್ನು ಐದು ಮೀಟರ್ ಮೇಲಕ್ಕೆ ಎಸೆಯುವಷ್ಟು.

ನಮ್ಮ ಜಿಲ್ಲೆಯಲ್ಲಿ ಸುಲಭಕ್ಕೆ ಸಿಗುವುದು ಲಾರಿಯ ಏರ್‌ಬ್ರೇಕ್ ಟ್ಯಾಂಕ್. ಗಾಳಿಗೆಂದೇ ಮಾಡಿದ್ದು, ಲಾರಿಯಲ್ಲಿ ಅದು ದಿನಾ ಹೊರುವುದೇ 8 ಬಾರ್ ಹತ್ತಿರ, ತಳದಲ್ಲಿ ನೀರು ಬಿಡುವ ವಾಲ್ವಿಗೆ ಜಾಗವೂ ಇರುತ್ತದೆ. ಗುಜರಿ ಅಂಗಡಿಯಲ್ಲಿ ಒಂದನ್ನು ಹಿಡಿದು ಒಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಅಲುಗಿಸಿದರೆ ರವೆ ಸುರಿದ ಸದ್ದು, ತುಕ್ಕಿನ ಹಕ್ಕಳೆ.

"ತೊಗೊಂಡ್ ಹೋಗು ತಮ್ಮಾ, ಲಾರ್ಯಾಗ ಹತ್ ವರ್ಷ ಓಡೈತಿ. ನಿನ್ನ ಸಣ್ಣ ಮಷಿನ್ನಿಗೆ ಏನಾಗ್ತೈತಿ?"

"ಹತ್ ವರ್ಷ ಓಡೈತಿ ಅಂತನ ಅಂಜಿಕಿ ಕಾಕಾ."

ಕೊನೆಗೆ ಹೊಸದೇ ತಂದೆ, ಪ್ಲೇಟಿನ ಮೇಲೆ 10 ಲೀಟರ್, 10 ಬಾರ್ ಎಂದು ಒತ್ತಿದ್ದು. ಹೊಸದಾದರೂ ನೀರಿನ ಪರೀಕ್ಷೆ ಮಾಡಿದೆ. ಪ್ಲಂಬರ್‌ಗಳು ಪೈಪ್‌ಲೈನ್ ನೋಡಲು ಬಳಸುವ ಕೈಪಂಪು ಇರುತ್ತದಲ್ಲ, ಅದನ್ನು ಎರವಲು ತಂದು, ಟ್ಯಾಂಕನ್ನು ಗಾಳಿಗುಳ್ಳೆ ಇಲ್ಲದಂತೆ ನೀರಿನಿಂದ ತುಂಬಿ (ಒಂದು ಲೀಟರಿನ ಬಾಟಲಿಯಿಂದ ಹತ್ತು, ಗಾತ್ರವೂ ಖಾತ್ರಿಯಾಯಿತು), 8 ಬಾರ್ ಏರಿಸಿ ಅರ್ಧ ಗಂಟೆ ಬಿಟ್ಟೆ. ನೀರನ್ನು ಗಾಳಿಯಂತೆ ಹಿಂಡಲಾಗದ್ದರಿಂದ ಬಿರುಕು ಬಿಟ್ಟರೂ ಸಿಡಿಯುವುದಿಲ್ಲ, ಚಿಮ್ಮುತ್ತದೆ ಅಷ್ಟೇ. ಗಾಳಿ ತುಂಬಿ ಪರೀಕ್ಷೆ ಮಾಡುವುದು ಹುಚ್ಚುತನ. ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸುವುದೂ ಅಷ್ಟೇ.

ಜೋಡಣೆ, ಮತ್ತು ನನ್ನ ತಪ್ಪು

ಗಾಳಿ ಹೋಗುವ ದಾರಿ: ಪಂಪು, ಎನ್‌ಆರ್‌ವಿ, ಟ್ಯಾಂಕ್, ನೀರು ಹಿಡಿಯುವ ಟ್ರ್ಯಾಪ್, ಒತ್ತಡವನ್ನು ಬೇಕಾದಷ್ಟಕ್ಕೆ ಇಳಿಸುವ ರೆಗ್ಯುಲೇಟರ್, ಪೈಪು, ಗನ್. ಬೋರ್‌ವೆಲ್ ಇರುವ ಮನೆಯವರಿಗೆ ಎನ್‌ಆರ್‌ವಿ ಗೊತ್ತು. ಮೇಲೆ ಹೋದದ್ದು ಹಿಂದೆ ಬರದಂತೆ ತಡೆಯುವ ಕವಾಟ. ಅದಿಲ್ಲದಿದ್ದರೆ ಟ್ಯಾಂಕಿನ ಗಾಳಿ ಪಿಸ್ಟನ್ನಿನ ಮೇಲೇ ಕೂತಿರುತ್ತದೆ. ಸಂಜೆ ವೋಲ್ಟೇಜ್ ಬಿದ್ದಾಗ ನನ್ನ ಮೋಟರ್ 3 ಬಾರ್ ಎದುರು ಏಳಲಾರದೆ ಗುಂಯ್ ಎಂದು ನರಳುತ್ತಿತ್ತು. ಆದ್ದರಿಂದ ಮೋಟರ್ ನಿಂತಾಗಲೆಲ್ಲ ಪಂಪು ಮತ್ತು ಎನ್‌ಆರ್‌ವಿ ನಡುವಿನ ತುಂಡು ಪೈಪಿನ ಗಾಳಿಯನ್ನು ಹೊರಗೆ ಬಿಡಬೇಕು. ದೊಡ್ಡ ಕಂಪ್ರೆಸರ್ ನಿಂತಾಗ "ಪುಸ್ಸ್" ಎನ್ನುವುದು ಇದೇ.

ಇಷ್ಟು ಓದಿಕೊಂಡು ಎನ್‌ಆರ್‌ವಿ ಹಾಕಿದೆ, ಗಾಳಿ ಬಿಡುವ ವಾಲ್ವೂ ಹಾಕಿದೆ. ಯಂತ್ರದ ಜೊತೆ ಬಂದ ಪ್ರೆಶರ್ ಸ್ವಿಚ್ ಮಾತ್ರ ಪಂಪಿನ ತಲೆಯಲ್ಲೇ ಉಳಿಯಿತು. ಚಾಲೂ ಮಾಡಿದರೆ 4 ಬಾರ್ ಮುಟ್ಟಿ ನಿಂತಿತು, ಪುಸ್ಸ್ ಎಂದಿತು, ಮರುಕ್ಷಣ ಮತ್ತೆ ಓಡಿತು. ನಿಂತಿತು, ಓಡಿತು. ಟಕ್, ಪುಸ್ಸ್, ಟಕ್, ಪುಸ್ಸ್. ಟ್ಯಾಂಕ್ ತುಂಬಿದೆ, ಆದರೆ ಸ್ವಿಚ್ ನೋಡುತ್ತಿರುವುದು ಗಾಳಿ ಖಾಲಿಯಾದ ತುಂಡು ಪೈಪನ್ನು! ಹೊಲದ ತುಂಬ ನೀರಿದ್ದರೂ ಒಣಗಿದ ಬದುವನ್ನು ನೋಡಿ ಪಂಪ್‌ಸೆಟ್ ಹಾಕಿದಂತೆ. ಸ್ವಿಚ್ ಎನ್‌ಆರ್‌ವಿಯ ಆಚೆ, ಟ್ಯಾಂಕಿನ ಮೇಲೆ ಇರಬೇಕು. ಟ್ಯಾಂಕಿಗೆಂದೇ ಬೇರೆ ಸ್ವಿಚ್ ತಂದು ಹಾಕಿ, ಹಳೆಯದನ್ನು ಬಿಡಿಸಿದೆ. ವೈರಿಂಗ್ ಮಾತ್ರ ತಿಳಿದವರಿಂದ ಮಾಡಿಸಿ, ಅರ್ಥಿಂಗ್ ಸಹಿತ.

ಸೇಫ್ಟಿ ವಾಲ್ವ್ ಟ್ಯಾಂಕಿಗೇ ನೇರ ಕೂರಬೇಕು, ನಡುವೆ ಬೇರೆ ಯಾವ ಕಾಕ್ ಕೂಡದು. ನನ್ನದು 5 ಬಾರ್‌ಗೆ ತೆರೆಯುತ್ತದೆ: ಸ್ವಿಚ್ಚಿನ 4ಕ್ಕಿಂತ ಮೇಲೆ, ಟ್ಯಾಂಕಿನ 10ಕ್ಕಿಂತ ಬಹಳ ಕೆಳಗೆ. ಲಾರಿ ಟ್ಯಾಂಕಿನ ಥ್ರೆಡ್ಡೇ ಬೇರೆ, ನಮ್ಮ ಗೇಜು-ವಾಲ್ವುಗಳ ಥ್ರೆಡ್ಡೇ ಬೇರೆ, ಅಡಾಪ್ಟರ್ ಬೇಕು. ಒತ್ತಿ ತಿರುಗಿಸಿ ಕೂರಿಸಿದರೆ ಮೂರು ಸುತ್ತು ಹಿಡಿದಂತೆ ನಟಿಸಿ ಆಮೇಲೆ ಗುಂಡಿನಂತೆ ಹಾರುತ್ತದೆ. 2024ರ ಆಗಸ್ಟಿನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಕಟ್ಟೆ ಗಟ್ಟಿಯಾಗೇ ಇತ್ತು, ತುಂಡಾದದ್ದು ಚೈನು. ಇಲ್ಲಿಯೂ ಟ್ಯಾಂಕಿಗಿಂತ ಮೊದಲು ಜಾಯಿಂಟುಗಳನ್ನು ಅನುಮಾನಿಸಿ.

ನೀರು

ಮೇ ತಿಂಗಳಲ್ಲಿ ಜೋಡಿಸಿದ್ದರಿಂದ ತಳದ ವಾಲ್ವ್ ಬಿಚ್ಚಿದಾಗಲೆಲ್ಲ ಒಣಗಾಳಿಯೇ ಬಂತು, ಬಿಚ್ಚುವುದನ್ನೇ ಬಿಟ್ಟೆ. ಜುಲೈನಲ್ಲಿ ಹೆಲ್ಮೆಟ್ಟಿನ ಮೇಲೆ ಗರುಡನ ರೆಕ್ಕೆ ಮುಗಿಯುವ ಹೊತ್ತಿಗೆ ಗನ್ ಒಂದು ಹನಿ ಉಗುಳಿತು. ಆ ಜಾಗದ ಬಣ್ಣ ಕಣ್ಣು ಬಿಟ್ಟಂತೆ ಸರಿದು ನಿಂತಿತು.

ಕಾರಣ ಸರಳ. 30 ಡಿಗ್ರಿಯಲ್ಲಿ ಒಂದು ಘನಮೀಟರ್ ಜಾಗ ಹೆಚ್ಚೆಂದರೆ 30 ಗ್ರಾಂ ನೀರಾವಿ ಹಿಡಿಯುತ್ತದೆ. ಮಳೆಗಾಲದ 70 ಪರ್ಸೆಂಟ್ ತೇವದ ಗಾಳಿಯಲ್ಲಿ 21 ಗ್ರಾಂ ಇರುತ್ತದೆ. ಅಂಥ ಸಾವಿರ ಲೀಟರನ್ನು 4 ಬಾರ್‌ಗೆ ಹಿಂಡಿದರೆ (ಗೇಜಿನ 4ಕ್ಕೆ ಹೊರಗಾಳಿಯ 1 ಬಾರ್ ಕೂಡಿ ಒಟ್ಟು 5) ಐದನೇ ಒಂದು ಭಾಗದ ಜಾಗಕ್ಕೆ ಇಳಿಯುತ್ತದೆ, ಅದು ಹಿಡಿಯುವುದು 6 ಗ್ರಾಂ. ಉಳಿದ 15 ಗ್ರಾಂ, ಮೂರು ಚಹಾ ಚಮಚ, ನೀರಾಗಿ ಬೀಳಲೇಬೇಕು. ಸಾವಿರ ಲೀಟರ್ ಎಂದರೆ ನನ್ನ ಅರ್ಧ ದಿನದ ಕೆಲಸ. ಮೇ ತಿಂಗಳ 40 ಡಿಗ್ರಿ, 20 ಪರ್ಸೆಂಟ್ ತೇವದ ಗಾಳಿಗೆ ಇದೇ ಲೆಕ್ಕ ಹಾಕಿ ನೋಡಿ, ಬೀಳುವುದು ಹೆಚ್ಚುಕಮ್ಮಿ ಸೊನ್ನೆ. ಈಗ ಮಳೆಗಾಲದಲ್ಲಿ ಊಟಕ್ಕೆ ಏಳುವಾಗ ಒಮ್ಮೆ, ಅಂಗಡಿ ಮುಚ್ಚುವಾಗ ಒಮ್ಮೆ ಬಿಚ್ಚುತ್ತೇನೆ.

ಸೋರಿಕೆ

ಟೆಫ್ಲಾನ್ ಟೇಪನ್ನು ಮೊದಲ ಥ್ರೆಡ್ ಬಿಟ್ಟು ಸುತ್ತಿ. ಇಲ್ಲವಾದರೆ ಎಳೆ ಕಿತ್ತು ಎನ್‌ಆರ್‌ವಿಯ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ನಾನು ಎಲ್ಲ ಜಾಯಿಂಟಿಗೂ ಹಚ್ಚಿದೆ, ಗುಳ್ಳೆ ಇಲ್ಲ. ಖಾತ್ರಿಗೆ ಒಂದು ಸಂಜೆ ಸರಿಯಾಗಿ 4 ಬಾರ್ ಇಟ್ಟು ಬಾಗಿಲು ಹಾಕಿದೆ. ಬೆಳಗ್ಗೆ ಗೇಜು 3.8. ಮತ್ತೆ ಸೋಪು, ಮತ್ತೆ ಪಾನಾ, ಸರಿಯಾಗಿದ್ದ ಎರಡು ಜಾಯಿಂಟನ್ನು ಅನುಮಾನದ ಮೇಲೆ ಇನ್ನಷ್ಟು ಬಿಗಿದೆ. ಮಧ್ಯಾಹ್ನದವರೆಗೆ ಇದೇ ಆಯಿತು. ಊಟ ಮುಗಿಸಿ ಬಂದು ನೋಡಿದರೆ, ಮೋಟರಿನ ಪ್ಲಗ್ ಇನ್ನೂ ನೆಲದ ಮೇಲೇ ಇದೆ, ಗೇಜು 4 ತೋರಿಸುತ್ತಿದೆ. ಸಂಜೆ ಶೆಡ್ಡಿನಲ್ಲಿ 35 ಡಿಗ್ರಿ ಇತ್ತು, ನಸುಕಿಗೆ 24.