ಸೈಪ್ರಸ್‌ನ ‘ನಾರು-ಹತ್ತಿ’ ಮಂದಿ

ಸೈಪ್ರಸ್ ದ್ವೀಪದಲ್ಲಿ ಹಿಂದೆ ‘ಲಿನೊಬಂಬಾಕಿ’ ಎಂಬ ಜನರಿದ್ದರು. ಗ್ರೀಕಿನಲ್ಲಿ ಲಿನೊ ಎಂದರೆ ಅಗಸೆ ನಾರು, ಬಂಬಾಕಿ ಎಂದರೆ ಹತ್ತಿ. ಎರಡೂ ನೂಲು ಬೆರೆಸಿ ನೇಯ್ದ ಬಟ್ಟೆಯಂಥವರು ಎಂಬ ಕುಹಕ ಆ ಹೆಸರಿನಲ್ಲೇ ಇದೆ. ಹೊರಗೆ ಮುಸ್ಲಿಮರು, ಮನೆಯೊಳಗೆ ಕ್ರೈಸ್ತರು. ಯೂಸುಫ್ ಎಂದರೂ ಆಯಿತು, ಜೋಸೆಫ್ ಎಂದರೂ ಆಯಿತು.

1571ರಲ್ಲಿ ಆಟೊಮನ್ ತುರ್ಕರು ವೆನಿಸ್‌ನವರಿಂದ ದ್ವೀಪವನ್ನು ಪೂರ್ತಿಯಾಗಿ ಕಿತ್ತುಕೊಂಡರು. ಅನಟೋಲಿಯಾದಿಂದ ಸೈನಿಕರೂ ಒಕ್ಕಲುಗಳೂ ಬಂದದ್ದು ನಿಜ. ಆದರೆ ಮುಸ್ಲಿಮೇತರರಿಗೆ ತಲೆಗಂದಾಯವಿತ್ತು. ಅದರಿಂದ ಪಾರಾಗಲು ಮತ ಬದಲಿಸಿದ ಸ್ಥಳೀಯರೂ ಇದ್ದರು. ಸರ್ಕಾರಿ ದಫ್ತರ ಕೇಳುತ್ತಿದ್ದದ್ದು ಧರ್ಮವನ್ನು, ಮನೆಮಾತನ್ನಲ್ಲ. ಗ್ರೀಕ್ ಆಡುವ ಮುಸ್ಲಿಂ ಹಳ್ಳಿಗಳೇ ಇದ್ದವು. 1878ರಲ್ಲಿ ಬ್ರಿಟಿಷರು ಬಂದರೂ ಖಾನೆಗಳು ಅಳಿಯಲಿಲ್ಲ. ನಾರು-ಹತ್ತಿ ಮಂದಿ ಮೆಲ್ಲಗೆ ಒಂದಲ್ಲ ಒಂದು ಕಡೆ ಸೇರಿಹೋದರು. 1960ರ ಸ್ವತಂತ್ರ ಸಂವಿಧಾನವಂತೂ ಗುರುತಿಸಿದ್ದು ಗ್ರೀಕ್, ತುರ್ಕಿ ಎಂಬ ಎರಡೇ ಸಮುದಾಯಗಳನ್ನು. ಮರೊನೈಟರು, ಅರ್ಮೇನಿಯನ್ನರು ಎಂಬ ಸಣ್ಣ ಕ್ರೈಸ್ತ ಪಂಗಡಗಳವರು ಕೂಡ ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕಾಯಿತು. 1963ರಲ್ಲಿ ಎರಡೂ ಸಮುದಾಯಗಳ ನಡುವೆ ಎದ್ದ ಹಿಂಸೆ, 1974ರ ತುರ್ಕಿ ಸೇನೆಯ ದಾಳಿ, ದ್ವೀಪವನ್ನು ತುರ್ಕಿ ಉತ್ತರ, ಗ್ರೀಕ್ ದಕ್ಷಿಣ ಎಂದು ಸೀಳಿದ ಗಡಿ, ಇದೆಲ್ಲ ಆಮೇಲಿನ ಕಥೆ.

ವಂಶವಾಹಿ ಹೇಳುವ ಕಥೆ ಬೇರೆ. ತಂದೆಯಿಂದ ಮಗನಿಗೆ ಇಳಿಯುವ ವೈ ವರ್ಣತಂತುವನ್ನು ಎರಡೂ ಕಡೆಯ ಗಂಡಸರಲ್ಲಿ ಹೋಲಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಎರಡೂ ಸಮುದಾಯಗಳ ತಂದೆಯ ಸಾಲು ಬಹುಪಾಲು ಒಂದೇ, ಅದೂ ಆಟೊಮನ್ನರಿಗಿಂತ ಹಿಂದಿನದು ಎಂಬುದು ಅದರ ತೀರ್ಮಾನ. ಹಾಗೆಂದು ವಲಸೆಯೇ ಸುಳ್ಳು ಎನ್ನುವಂತಿಲ್ಲ. ವೈ ವರ್ಣತಂತು ತೋರಿಸುವುದು ಅಪ್ಪ, ಅಜ್ಜ, ಮುತ್ತಜ್ಜ ಎಂಬ ಒಂದೇ ಎಳೆಯನ್ನು. ಅಮ್ಮನ ಕಡೆಯ ಲೆಕ್ಕ ಅದರಲ್ಲಿಲ್ಲ.

ನನಗೆ ಇದಕ್ಕಿಂತ ಗಟ್ಟಿ ಸಾಕ್ಷಿಯಾಗಿ ಕಾಣುವುದು ಒಂದು ಕಾಯಿಲೆ. ಥಲಸೇಮಿಯಾ ಎಂಬುದು ವಂಶದಲ್ಲಿ ಇಳಿದುಬರುವ ರಕ್ತದ ಕಾಯಿಲೆ. ಅದರ ವಾಹಕರು, ಎಂದರೆ ದೋಷವಿರುವ ವಂಶವಾಹಿಯ ಒಂದೇ ಪ್ರತಿ ಹೊತ್ತವರು, ಸೈಪ್ರಸ್‌ನಲ್ಲಿ ಸುಮಾರು ಏಳು ಜನಕ್ಕೊಬ್ಬರು. ಹೆಚ್ಚಾಗಿ ಕಾಣುವ ವಂಶವಾಹಿ ದೋಷ ಗಡಿಯ ಎರಡೂ ಬದಿಗೆ ಒಂದೇ. ವಾಹಕರಿಗೆ ಮಲೇರಿಯಾದಿಂದ ಒಂದಿಷ್ಟು ರಕ್ಷಣೆ ಸಿಗುತ್ತಿದ್ದುದರಿಂದ ಅದು ಉಳಿದು ಬಂತು. ಗಂಡಹೆಂಡಿರಿಬ್ಬರೂ ವಾಹಕರಾದರೆ ಪ್ರತಿ ಬಸಿರಲ್ಲೂ ಮಗುವಿಗೆ ಕಾಯಿಲೆ ಬರುವ ಅಪಾಯ ನಾಲ್ಕರಲ್ಲಿ ಒಂದು ಪಾಲು. ಹಾಗಾಗಿ ಎರಡೂ ಕಡೆ ಮದುವೆಗೆ ಮುಂಚೆ ರಕ್ತಪರೀಕ್ಷೆ ರೂಢಿಗೆ ಬಂತು.

ಇನ್ನು ಆ ಹಿಂಸೆ, ದಾಳಿಗಳಲ್ಲಿ ಕಾಣೆಯಾದವರು. ಅಧಿಕೃತ ಪಟ್ಟಿಯಲ್ಲಿ 1,510 ಗ್ರೀಕ್ ಸೈಪ್ರಿಯಟರು, 492 ತುರ್ಕಿ ಸೈಪ್ರಿಯಟರು. 1981ರಲ್ಲಿ ರಚನೆಯಾದ ಜಂಟಿ ಸಮಿತಿಯ ಅಗೆತ 2006ರಿಂದ ನಡೆದಿದೆ. ರಾಜಧಾನಿ ನಿಕೋಸಿಯಾದ ಪ್ರಯೋಗಾಲಯದಲ್ಲಿ ಎರಡೂ ಸಮುದಾಯಗಳ ತಜ್ಞರು ಒಟ್ಟಿಗೆ ನಿಂತು, ಬಾವಿಯಲ್ಲೋ ಹೊಲದಲ್ಲೋ ಸಿಕ್ಕ ಮೂಳೆಗಳನ್ನು ಮೇಜಿನ ಮೇಲೆ ಜೋಡಿಸುತ್ತಾರೆ. ಚೂರು ಮೂಳೆ ಡಿಎನ್‌ಎ ಪರೀಕ್ಷೆಗೆ ಹೋಗುತ್ತದೆ. ಯಾವುದೋ ಮನೆಯವರು ಎಂದೋ ಕೊಟ್ಟಿದ್ದ ರಕ್ತದ ಮಾದರಿಗೆ ಅದು ತಾಳೆಯಾದ ಮೇಲೆಯೇ ಆ ಮೂಳೆಗೊಂದು ಹೆಸರು.