ನೀಲಿ ನೀರು, ಹಸಿರು ನೀರು: ಮಾಲಿನ್ ಫಾಲ್ಕೆನ್‌ಮಾರ್ಕ್ ಅವರ ಲೆಕ್ಕದ ಟಿಪ್ಪಣಿ

ಮಾಲಿನ್ ಫಾಲ್ಕೆನ್‌ಮಾರ್ಕ್ ಸ್ವೀಡನ್ನಿನ ಜಲವಿಜ್ಞಾನಿ. 1925ರಲ್ಲಿ ಹುಟ್ಟಿ 2023ರ ಡಿಸೆಂಬರಿನಲ್ಲಿ ತೀರಿಕೊಂಡರು. ನಮ್ಮ ಪಠ್ಯಗಳಲ್ಲಿ ಅವರ ಹೆಸರು ಬರುವುದು ಒಂದು ಸೂಚ್ಯಂಕದ ಜೊತೆಗೆ. ಒಬ್ಬರಿಗೆ ವರ್ಷಕ್ಕೆ ಸಿಗುವ ನೀರು 1700 ಘನ ಮೀಟರಿಗಿಂತ ಕಡಿಮೆಯಾದರೆ ಒತ್ತಡ, 1000ಕ್ಕಿಂತ ಕಡಿಮೆಯಾದರೆ ಕೊರತೆ, 500ಕ್ಕಿಂತ ಕಡಿಮೆಯಾದರೆ ತೀವ್ರ ಕೊರತೆ. ಈ ಮೂರು ಅಂಕಿಗಳನ್ನು ಬಾಯಿಪಾಠ ಮಾಡಿದರೆ ಪರೀಕ್ಷೆಗೆ ಸಾಕು. ಆದರೆ ಇದೇ ಸಂಶೋಧಕಿ ಮುಂದೆ ಈ ಸೂಚ್ಯಂಕದ ಲೆಕ್ಕಕ್ಕೇ ಸಿಗದ ನೀರಿನ ಬಗ್ಗೆ ದಶಕಗಳ ಕಾಲ ಬರೆದರು, ಮತ್ತು ಹವಾಮಾನ ಬದಲಾವಣೆಯ ಪೆಟ್ಟನ್ನು ಮಳೆಯಾಶ್ರಿತ ರೈತನ ಹೊಲದಲ್ಲಿ ಅಳೆಯಬೇಕಾದರೆ ನೋಡಬೇಕಾದದ್ದು ಆ ನೀರನ್ನು. ಎರಡೂ ಒಬ್ಬರದೇ ಕೆಲಸ ಎಂಬುದು ತಲೆಗೆ ಹೋಗಲು ನನಗೆ ಎರಡು ವಾರ ಹಿಡಿದ ಕಾರಣ ಈ ಟಿಪ್ಪಣಿ.

1700 ಎಂಬ ಅಂಕಿ ಎಲ್ಲಿಂದ ಬಂತು?

ನಾನು ಎಡವಿದ್ದು ಇಲ್ಲಿಯೇ. ಒಬ್ಬ ಮನುಷ್ಯನ ಕುಡಿಯುವ, ತೊಳೆಯುವ, ಉಣ್ಣುವ ಅಗತ್ಯಗಳನ್ನೆಲ್ಲ ಕೂಡಿಸಿ 1700 ಬಂದಿರಬೇಕೆಂದು ಭಾವಿಸಿದ್ದೆ. ದಿನಕ್ಕೆ 100 ಲೀಟರ್ ಬಳಸುವವನಿಗೆ ವರ್ಷಕ್ಕೆ 36.5 ಘನ ಮೀಟರ್ ಸಾಕು. ಉಳಿದದ್ದನ್ನು ಹೇಗೆ ಕೂಡಿಸಿದರೂ ಲೆಕ್ಕ 1700ಕ್ಕೆ ಸರಿಯಾಗಿ ಬಂದು ನಿಲ್ಲುತ್ತಿರಲಿಲ್ಲ. ಸೂಚ್ಯಂಕವನ್ನು ಮೊದಲಿಗೆ ತಲೆಕೆಳಗಾಗಿ ಬರೆದಿದ್ದರು ಎಂಬುದು ಗೊತ್ತಾದ ಮೇಲೆ ಗಂಟು ಬಿಚ್ಚಿತು.

ಆಫ್ರಿಕಾದ ನೀರಿನ ಕೊರತೆಯನ್ನು ಕುರಿತು 1989ರಲ್ಲಿ ಬರೆದಾಗ ಅವರು ಜನರಿಗೆ ನೀರನ್ನು ಹಂಚಲಿಲ್ಲ, ನೀರಿಗೆ ಜನರನ್ನು ಹಂಚಿದರು. ವರ್ಷಕ್ಕೆ ಹತ್ತು ಲಕ್ಷ ಘನ ಮೀಟರ್ ಹರಿವನ್ನು ಒಂದು ಘಟಕ ಎಂದಿಟ್ಟುಕೊಂಡು, ಆ ಒಂದು ಘಟಕವನ್ನು ಎಷ್ಟು ಜನ ನೆಚ್ಚಿಕೊಂಡಿದ್ದಾರೆ ಎಂದು ಕೇಳಿದರು. 600 ಜನ ದಾಟಿದರೆ ಒತ್ತಡ, 1000 ದಾಟಿದರೆ ಕೊರತೆ, 2000 ದಾಟಿದರೆ ತೀವ್ರ ಕೊರತೆ. ಈಗ ಭಾಗಿಸಿ ನೋಡಿ: 10,00,000 ÷ 600 = 1667. ಇದನ್ನೇ ದುಂಡಾಗಿಸಿ 1700 ಎನ್ನುತ್ತೇವೆ. 10,00,000 ÷ 1000 = 1000. 10,00,000 ÷ 2000 = 500. ಮೂಲದಲ್ಲಿ ಅಂಕಿ ಏರಿದಷ್ಟೂ ಸ್ಥಿತಿ ಕೆಡುತ್ತದೆ, ನಮ್ಮ ಪಠ್ಯದಲ್ಲಿ ಅಂಕಿ ಇಳಿದಷ್ಟೂ ಸ್ಥಿತಿ ಕೆಡುತ್ತದೆ. ಹೇಳುವುದು ಎರಡೂ ಒಂದನ್ನೇ. ಅಂದರೆ 1700 ಎಂಬುದು ಒಬ್ಬ ಮನುಷ್ಯನ ಅಗತ್ಯದ ಪಟ್ಟಿಯ ಮೊತ್ತವಲ್ಲ, ಒಂದೇ ನೀರಿನ ಮೇಲೆ ಬಿದ್ದಿರುವ ಜನದಟ್ಟಣೆಯ ಅಳತೆ.

ಭಾರತದ ಅಂಕಿಗಳನ್ನು ಹಾಕಿದರೆ ಇದು ಇನ್ನಷ್ಟು ತಿಳಿಯಾಗುತ್ತದೆ. ಸರ್ಕಾರಿ ಅಂದಾಜಿನಂತೆ ತಲಾ ಲಭ್ಯತೆ 1951ರಲ್ಲಿ 5177 ಘನ ಮೀಟರ್ ಇತ್ತು, 2021ರಲ್ಲಿ 1486. ಘಟಕದ ಭಾಷೆಯಲ್ಲಿ ಹೇಳುವುದಾದರೆ 1951ರಲ್ಲಿ ಒಂದು ಘಟಕಕ್ಕೆ 193 ಜನ, 2021ರಲ್ಲಿ 673 ಜನ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು: ದೇಶದ ಸರಾಸರಿ ವಾರ್ಷಿಕ ನೀರು, ಅಂದರೆ ಅಂಶ, ಹೆಚ್ಚೇನೂ ಬದಲಾಗಿಲ್ಲ, ಬೆಳೆದದ್ದು ಛೇದದಲ್ಲಿರುವ ಜನಸಂಖ್ಯೆ. ಆದ್ದರಿಂದ ಈ ಇಳಿಕೆಯನ್ನು ತೋರಿಸಿ "ಹವಾಮಾನ ಬದಲಾವಣೆಯ ಪರಿಣಾಮ" ಎಂದು ಉತ್ತರ ಬರೆಯುವುದು ತಪ್ಪು. ವರ್ಷವಿಡೀ ಸುರಿದದ್ದನ್ನು ಸರಾಸರಿ ಮಾಡಿಬಿಡುವ ಲೆಕ್ಕದಲ್ಲಿ, ಮಳೆ ಮೂರು ತಿಂಗಳು ಹದವಾಗಿ ಬಂತೋ ಮೂರೇ ದಿನದಲ್ಲಿ ಸುರಿದು ಹೋಯಿತೋ ಎಂಬುದು ಕಾಣುವುದೇ ಇಲ್ಲ.

ಲೆಕ್ಕಕ್ಕೆ ಸಿಗದ ನೀರು

ಭೂಮಿಯ ನೆಲದ ಮೇಲೆ ವರ್ಷಕ್ಕೆ ಸುಮಾರು 1,10,000 ಘನ ಕಿಲೋಮೀಟರ್ ಮಳೆ ಮತ್ತು ಹಿಮ ಬೀಳುತ್ತದೆ. ಅದರಲ್ಲಿ ನದಿ, ಕೆರೆ, ಅಂತರ್ಜಲಕ್ಕೆ ಸೇರುವುದು ಸುಮಾರು 40,000. ಮೇಲಿನ ಸೂಚ್ಯಂಕ ಎಣಿಸುವುದು ಇದನ್ನು ಮಾತ್ರ. ಇದು ನೀಲಿ ನೀರು, ಬೋರ್‌ವೆಲ್ಲಿನ ನೀರೂ ಇದರಲ್ಲೇ ಸೇರುತ್ತದೆ. ಉಳಿದ ದೊಡ್ಡ ಪಾಲು ಮಣ್ಣಿನಲ್ಲಿ ತಂಗಿ, ಗಿಡಮರಗಳ ಮೂಲಕ ಅಥವಾ ನೇರವಾಗಿ ಆವಿಯಾಗಿ ಮೇಲೇರುತ್ತದೆ. ಅಣೆಕಟ್ಟಿಗೆ ಸಿಗದ ಈ ನೀರನ್ನು ಎಂಜಿನಿಯರುಗಳು ನಷ್ಟದ ಬಾಬತ್ತಿಗೆ ಹಾಕುತ್ತಿದ್ದರು. 1995ರಲ್ಲಿ ಫಾಲ್ಕೆನ್‌ಮಾರ್ಕ್ ಇದಕ್ಕೆ ಹಸಿರು ನೀರು ಎಂದು ಹೆಸರಿಟ್ಟರು. ಕಾಡು, ಹುಲ್ಲುಗಾವಲು, ಮಳೆಯಾಶ್ರಿತ ಬೆಳೆ ಬದುಕುವುದು ಇದರಿಂದಲೇ ಆದಾಗ ಅದನ್ನು ನಷ್ಟ ಎನ್ನಲು ಬರುವುದಿಲ್ಲ. ಮುಂದೆ ಅವರೂ ಸ್ವೀಡನ್ನಿನ ಇನ್ನೊಬ್ಬ ವಿಜ್ಞಾನಿ ಯೋಹಾನ್ ರಾಕ್‌ಸ್ಟ್ರಾಮ್ ಅವರೂ ಸೇರಿ, ಮಣ್ಣಿನಲ್ಲಿ ನಿಂತ ತೇವ ಒಂದು ಸಂಗ್ರಹ, ಅದರಿಂದ ಮೇಲೇರುವ ಆವಿ ಒಂದು ಹರಿವು ಎಂದು ವಿಂಗಡಿಸಿದರು.

ಇದು ನನಗೆ ಅರ್ಥವಾದದ್ದು ನಮ್ಮ ಹೊಲದಿಂದ. ವಿಜಯಪುರ ಜಿಲ್ಲೆಯ ಎರೆ ಭೂಮಿಯಲ್ಲಿ ಹಿಂಗಾರಿ ಬಿಳಿಜೋಳವನ್ನು ಮಳೆಗಾಲ ಮುಗಿಯುತ್ತಿರುವಾಗ ಬಿತ್ತುತ್ತಾರೆ. ಅಪ್ಪ ಕೂರಿಗೆ ಹೂಡುವ ಮುನ್ನ ಗೇಣುದ್ದ ಅಗೆದು, ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಿ, ಹಸಿ ಎಷ್ಟಿದೆಯೆಂದು ನೋಡುತ್ತಾರೆ. ಆಮೇಲೆ ಒಂದು ಹನಿ ಬೀಳದಿದ್ದರೂ ಮಾಗಿಯ ಚಳಿಯಲ್ಲಿ ತೆನೆ ಕಟ್ಟುತ್ತದೆ. ಆ ಬೆಳೆ ಕುಡಿದದ್ದೆಲ್ಲ ಹಸಿರು ನೀರು.

ಇದನ್ನು ಅಳೆಯಲು ನಾನು ಇಟ್ಟುಕೊಂಡಿರುವ ಸುಲಭ ಸೂತ್ರ: ಒಂದು ಎಕರೆಯಲ್ಲಿ ಒಂದು ಮಿಲಿಮೀಟರ್ ನೀರೆಂದರೆ ನಾಲ್ಕು ಘನ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನಿಂತರೆ ಒಂದು ಲೀಟರ್. ಎಕರೆಗೆ 4047 ಚದರ ಮೀಟರ್. ಆದ್ದರಿಂದ 4047 ಲೀಟರ್. ಆಳವಾದ ಎರೆ ಮಣ್ಣು ಒಂದು ಮೀಟರ್ ಆಳದಲ್ಲಿ, ಬೇರಿಗೆ ಎಟುಕುವಂಥ 150 ಮಿಲಿಮೀಟರ್ ನೀರನ್ನು ಹಿಡಿದಿಟ್ಟಿದೆ ಎನ್ನೋಣ. 150 × 4 = 600 ಘನ ಮೀಟರ್, ಅಂದರೆ ಆರು ಲಕ್ಷ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಹೊತ್ತು ತರುವುದಾದರೆ ನೂರು ಟ್ಯಾಂಕರು, ಅದೂ ಒಂದೇ ಎಕರೆಗೆ. ಈ ನೂರು ಟ್ಯಾಂಕರು 1486ರೊಳಗೆ ಎಲ್ಲಿಯೂ ಇಲ್ಲ.

ಎರಡು ಕವಲುಗಳು

ಬಿದ್ದ ಮಳೆ ಎರಡು ಕಡೆ ಕವಲೊಡೆಯುತ್ತದೆ. ಮೊದಲನೆಯದು ಮಣ್ಣಿನ ಮೇಲ್ಮೈ: ಇಂಗಬೇಕೋ, ಹರಿಯಬೇಕೋ. ಎರಡನೆಯದು ಬೇರಿನ ವಲಯ: ಬೇರು ಹೀರಬೇಕೋ, ಕೆಳಗಿಳಿದು ಅಂತರ್ಜಲ ಸೇರಬೇಕೋ. ಹವಾಮಾನ ಬದಲಾವಣೆ ಕೈಯಾಡಿಸುವುದು ಈ ಕವಲುಗಳಲ್ಲಿ. ತಾಪ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಹಿಡಿಯಬಲ್ಲ ನೀರಾವಿ ಸುಮಾರು 7 ಪ್ರತಿಶತ ಹೆಚ್ಚುತ್ತದೆ. ಹೀಗಾಗಿ ಸುರಿಯುವಾಗ ಮಳೆ ಜೋರಾಗಿ ಸುರಿಯುತ್ತದೆ, ಬಿಡುವಿನ ದಿನಗಳಲ್ಲಿ ಗಾಳಿ ಮಣ್ಣಿನ ಹಸಿಯನ್ನು ಬೇಗ ಎಳೆದುಕೊಳ್ಳುತ್ತದೆ. ಮಣ್ಣು ಇಂಗಿಸಿಕೊಳ್ಳುವ ವೇಗಕ್ಕಿಂತ ಜೋರಾಗಿ ಬಿದ್ದ ಮಳೆ ಹಳ್ಳಕ್ಕೆ ಹರಿದು ನೀಲಿಯಾಗುತ್ತದೆ, ಹೊಲಕ್ಕೆ ಹಸಿರು ಉಳಿಯುವುದಿಲ್ಲ. ವರ್ಷದ ಮಳೆಯ ಮೊತ್ತ ಅಷ್ಟೇ ಇದ್ದು ಬೆಳೆ ಒಣಗುವುದು ಹೀಗೆ.

2009ರಲ್ಲಿ ರಾಕ್‌ಸ್ಟ್ರಾಮ್ ಮತ್ತು ಸಂಗಡಿಗರು ಮನುಷ್ಯರ ಚಟುವಟಿಕೆ ದಾಟಬಾರದ ಭೂಮಿಯ ಸುರಕ್ಷಿತ ಮಿತಿಗಳನ್ನು ಗುರುತಿಸಿದಾಗ ಸಿಹಿನೀರಿನ ಮಿತಿಯನ್ನು ನೀಲಿ ನೀರಿನ ಬಳಕೆಯಿಂದ ಅಳೆದಿದ್ದರು; 2023ರ ಪರಿಷ್ಕರಣೆಯಲ್ಲಿ ಹಸಿರನ್ನೂ ಸೇರಿಸಿ ಅಳೆದಾಗ ಎರಡೂ ಮಿತಿ ದಾಟಿವೆ ಎಂದು ಬಂತು.

ನಿರ್ವಹಣೆಯ ಪ್ರಶ್ನೆಗೆ ಉತ್ತರ ಬರೆಯುವಾಗ ಯಾವ ಉಪಾಯ ಯಾವ ಕವಲಿನಲ್ಲಿ ಕೆಲಸ ಮಾಡುತ್ತದೆ ಎಂದು ಹೇಳಿದರೆ ಅರ್ಧ ಉತ್ತರ ಮುಗಿದಂತೆ. ಒಡ್ಡು ಮೊದಲ ಕವಲಿನಲ್ಲಿ ನೀರನ್ನು ತಡೆದು ಇಂಗಿಸುತ್ತದೆ. ಕೃಷಿಹೊಂಡವಾದರೆ ಆ ಕವಲಿನಲ್ಲಿ ತಪ್ಪಿಸಿಕೊಂಡ ನೀಲಿಯನ್ನು ಹಿಡಿದಿಟ್ಟು, ಮಳೆ ಕೈಕೊಟ್ಟ ವಾರಗಳಲ್ಲಿ ಬೇರಿಗೆ ಮರಳಿಸುತ್ತದೆ. ಮೂರನೆಯ ಉಪಾಯ ಇರುವುದು ಆವಿಯೊಳಗೇ: ಬರಿ ನೆಲದಿಂದ ವ್ಯರ್ಥವಾಗಿ ಏರುವ ಆವಿಯನ್ನು ತಗ್ಗಿಸಿ, ಎಲೆಯ ಮೂಲಕ ಏರುವ ಆವಿಯನ್ನು ಹೆಚ್ಚಿಸುವುದು. ಎರೆ ನೆಲ ಬಾಯಿಬಿಟ್ಟಾಗ ಅಪ್ಪ ಸಾಲಿನ ನಡುವೆ ಎಡೆ ಹೊಡೆಯುತ್ತಾರೆ; "ಬಿರುಕು ಬಿಟ್ರ ಹಸಿ ಆರತೈತಿ" ಎಂಬುದು ಅವರ ಕಾರಣ. ಸಡಿಲವಾದ ಮೇಲ್ಮಣ್ಣು ಬಿರುಕಿಗೆ ಇಳಿದು ಆವಿಯ ದಾರಿಯನ್ನು ಮುಚ್ಚುತ್ತದೆ. ಹೀಗೆ 30 ಮಿಲಿಮೀಟರ್ ಉಳಿಯಿತೆಂದು ಇಟ್ಟುಕೊಂಡರೆ, ಸೂತ್ರದಂತೆ 30 × 4 = 120 ಘನ ಮೀಟರ್: ಎಕರೆಗೆ ಇಪ್ಪತ್ತು ಟ್ಯಾಂಕರು.