ಮಾತ್ರೆ ನುಂಗುವುದಕ್ಕಿಂತ ಕಷ್ಟ ಅದನ್ನು ಬಚ್ಚಿಡುವುದು

ಎಚ್‌ಐವಿ ಇದೆಯೆಂದು ನಮ್ಮ ಅನೇಕ ಹೆಂಗಸರಿಗೆ ಗೊತ್ತಾಗುವುದು ಬಸಿರಿನ ತಪಾಸಣೆಯಲ್ಲಿ. ಗಂಡನಿಗಿಂತ ಮೊದಲು ಆಕೆಯ ರಕ್ತಪರೀಕ್ಷೆ ಆಗಿರುತ್ತದೆ. ಸೋಂಕು ಗಂಡನಿಂದಲೇ ಬಂದಿದ್ದರೂ ‘ಇವಳಿಂದಲೇ ಬಂತು’ ಎಂಬ ಅಪವಾದ ಆಕೆಯ ತಲೆಗೆ ಕಟ್ಟುತ್ತದೆ.

ಔಷಧ ಈಗ ಸುಲಭ. ಎಚ್‌ಐವಿ ಚಿಕಿತ್ಸೆ ನೀಡುವ ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಉಚಿತವಾಗಿ ಕೊಡುವ, ಮೂರು ಔಷಧ ಸೇರಿದ ಟಿಎಲ್‌ಡಿ ಮಾತ್ರೆ ದಿನಕ್ಕೊಂದು. ಅದರಲ್ಲಿ ಟೆನೊಫೊವಿರ್ 300, ಲಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಇರುತ್ತವೆ. ಆದರೆ ಅತ್ತೆ, ನಾದಿನಿ, ಮಕ್ಕಳ ಕಣ್ಣು ತಪ್ಪಿಸಿ ಅದನ್ನು ನುಂಗಬೇಕು. ಮದುವೆಮನೆಗೆ ಹೊರಟಾಗ ಯಾರಾದರೂ ನೋಡಿಯಾರೆಂದು ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾರೆ. ಹೀಗೆ ಮತ್ತೆ ಮತ್ತೆ ತಪ್ಪಿದರೆ ವೈರಸ್ ತಲೆಯೆತ್ತುತ್ತದೆ, ಔಷಧಕ್ಕೆ ಬಗ್ಗದಂತೆಯೂ ಆಗಬಹುದು.

ಖಿನ್ನತೆ ಸೇರಿದರೆ ಮಾತ್ರೆ ಇನ್ನಷ್ಟು ತಪ್ಪುತ್ತದೆ. ಅದನ್ನು ಗುರುತಿಸುವುದೂ ಸುಲಭವಲ್ಲ: ಸುಸ್ತು, ನಿದ್ದೆಗೇಡು, ಊಟ ಸೇರದಿರುವುದನ್ನೆಲ್ಲ ‘ಕಾಯಿಲೆಯದ್ದೇ’ ಎಂದು ಬಿಟ್ಟುಬಿಡುತ್ತಾರೆ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಎರಡು. ಕಳೆದ 2 ವಾರಗಳಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿದೆಯೇ? ಮನಸ್ಸು ಕುಗ್ಗಿ, ದಾರಿಯೇ ಇಲ್ಲ ಅನ್ನಿಸಿದೆಯೇ? ಹೌದಾದರೆ ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರಿಗೆ ಹೇಳಬೇಕು. ಸಾಯುವ ಯೋಚನೆ ಬಂದರೆ ಕಾಯಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು.

ಬೆಂಬಲವೆಂದರೆ ಊರಿಗೆಲ್ಲ ಹೇಳಿಕೊಳ್ಳುವುದಲ್ಲ. ಮನಸ್ಸನ್ನು ಕಾಯುವುದು ಸುತ್ತಲಿನ ಜನರ ಸಂಖ್ಯೆಗಿಂತ, ಕಷ್ಟಕ್ಕೆ ಆಗುವವರಿದ್ದಾರೆ ಎಂಬ ಭರವಸೆ. ಒಬ್ಬರಿಗೆ ಹೇಳಿದರೂ ಸಾಕು, ಆದರೆ ಆ ಒಬ್ಬರನ್ನು ಅಳೆದು ಆರಿಸಬೇಕು. ಹಿಂದೆ ಗುಟ್ಟು ಕಾಪಾಡಿದವರೇ? ಆಸ್ಪತ್ರೆಯ ದಿನ ಮಗುವನ್ನು ನೋಡಿಕೊಳ್ಳುವರೇ? ಜಗಳವಾದರೆ ಇದನ್ನೇ ಎತ್ತಿ ಆಡುವರೇ? ಗಂಡ ಹೊಡೆಯುವ, ಮನೆಯಿಂದ ಹೊರಹಾಕುವ ಭಯವಿದ್ದರೆ ಮೊದಲು ಸಮಾಲೋಚಕರ ಬಳಿ ಮಾತಾಡುವುದೇ ಸರಿ. 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆ ಇಂಥ ಭಯವಿರುವಾಗ ವೈದ್ಯರು ಸಂಗಾತಿಗೆ ತಿಳಿಸಕೂಡದು ಎನ್ನುತ್ತದೆ. ಬಾಳುತ್ತಿರುವ ಮನೆಯಲ್ಲೇ ಉಳಿಯುವ ಹಕ್ಕನ್ನೂ ಕೊಡುತ್ತದೆ. ಇದು ಗೊತ್ತಿರುವ ಹೆಂಗಸರು ತೀರ ಕಡಿಮೆ ಎಂಬುದೇ ಸಂಕಟ.

ತನ್ನಂತೆಯೇ ಬದುಕುತ್ತಿರುವ ಇನ್ನೊಬ್ಬಾಕೆಯ ಮಾತಿಗೆ ಬೇರೆಯೇ ತೂಕ. ಚೆನ್ನೈನಲ್ಲಿ 1998ರಲ್ಲಿ ಪಿ. ಕೌಸಲ್ಯಾ ಮತ್ತು ಸಂಗಡಿಗರು ಎಚ್‌ಐವಿ ಇರುವ ಹೆಂಗಸರ ಸಂಘಟನೆ ಪಾಸಿಟಿವ್ ವಿಮೆನ್ ನೆಟ್‌ವರ್ಕ್ ಕಟ್ಟಿದ್ದು ಇದಕ್ಕಾಗಿಯೇ.

ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಮಿಲಿಲೀಟರಿಗೆ 200 ಪ್ರತಿಗಳಿಗಿಂತ ಕೆಳಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸೋಂಕು ದಾಟುವುದಿಲ್ಲ. ತಟ್ಟೆ, ಲೋಟದಿಂದಂತೂ ಅದು ಎಂದೂ ಹರಡಿದ್ದಲ್ಲ. ನಂಬಿಕಸ್ಥ ಅಕ್ಕನನ್ನೋ ಗೆಳತಿಯನ್ನೋ ಮುಂದಿನ ಭೇಟಿಗೆ ಕರೆದೊಯ್ದು, ಈ ಮಾತನ್ನು ಸಮಾಲೋಚಕರ ಬಾಯಿಂದಲೇ ಕೇಳಿಸಬಹುದು.